ಕರಾವಳಿಯ ತೇವದಲ್ಲಿ ಕಾಸ್ಟ್ ರೆಸಿನ್ ಟ್ರಾನ್ಸ್‌ಫಾರ್ಮರ್: ಕೋಣೆಯಿಂದ ಚಾಲನೆಯವರೆಗೆ ಸಮಗ್ರ ಮಾರ್ಗದರ್ಶಿ

ಎಣ್ಣೆ ತುಂಬಿದ ಟ್ರಾನ್ಸ್‌ಫಾರ್ಮರಿನಲ್ಲಿ ಸುರುಳಿಗಳು ಮುಚ್ಚಿದ ಉಕ್ಕಿನ ತೊಟ್ಟಿಯೊಳಗೆ ಮುಳುಗಿರುತ್ತವೆ. ಅವುಗಳಿಗೆ ತಂಪು ಕೊಡುವುದೂ ಎಣ್ಣೆ, ವಿದ್ಯುತ್ ನಿರೋಧಕವಾಗಿ ಕೆಲಸ ಮಾಡುವುದೂ ಎಣ್ಣೆ. ಕಾಸ್ಟ್ ರೆಸಿನ್ ಟ್ರಾನ್ಸ್‌ಫಾರ್ಮರಿನಲ್ಲಿ ಆ ತೊಟ್ಟಿಯೇ ಇಲ್ಲ. ಎಚ್‌ಟಿ (ಹೆಚ್ಚು ವೋಲ್ಟೇಜಿನ) ಸುರುಳಿಯನ್ನು ಅಚ್ಚಿನೊಳಗಿಟ್ಟು, ನಿರ್ವಾತದಲ್ಲಿ ಸಿಲಿಕಾ ಪುಡಿ ಬೆರೆಸಿದ ಎಪಾಕ್ಸಿ ರೆಸಿನ್ ಎರೆದು ಗಟ್ಟಿಗೊಳಿಸಿರುತ್ತಾರೆ. ಎಲ್‌ಟಿ (ಕಡಿಮೆ ವೋಲ್ಟೇಜಿನ) ಸುರುಳಿಯನ್ನು ಸಾಮಾನ್ಯವಾಗಿ ತಾಮ್ರದ ಅಥವಾ ಅಲ್ಯೂಮಿನಿಯಂನ ತೆಳು ಹಾಳೆಯಿಂದ ಸುತ್ತಿರುತ್ತಾರೆ. ಇವೆರಡರ ನಡುವೆ, ವಿದ್ಯುತ್ತಿನ ಒಂದು ಹಂತದಿಂದ (ಫೇಸ್) ಇನ್ನೊಂದು ಹಂತಕ್ಕೆ, ಸುರುಳಿಯಿಂದ ಗೋಡೆಗೆ ಇರುವುದು ಕೋಣೆಯ ಗಾಳಿ ಮಾತ್ರ. ಹೀಗಾಗಿ ಕೋಣೆಯ ಗಾಳಿ ಹೇಗಿದೆಯೋ ಟ್ರಾನ್ಸ್‌ಫಾರ್ಮರಿನ ಆರೋಗ್ಯವೂ ಹಾಗೆಯೇ ಇರುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ, ಉಪ್ಪು ಗಾಳಿ ಬೀಸುವ ಕಾಸರಗೋಡು ಜಿಲ್ಲೆಯಲ್ಲಿ ಈ ಯಂತ್ರವನ್ನು ಕೂರಿಸುವವರು ಮೊದಲು ಕೋಣೆಯನ್ನು, ಆಮೇಲೆ ಯಂತ್ರವನ್ನು ಆರಿಸಬೇಕೆಂಬುದು ಈ ಬರಹದ ಮುಖ್ಯ ಮಾತು.

ಮಂಜೇಶ್ವರದಿಂದ ಹೊಸದುರ್ಗದವರೆಗಿನ ಆಸ್ಪತ್ರೆ, ವಸತಿ ಸಮುಚ್ಚಯ, ಹೋಟೆಲ್, ಕಾಲೇಜು ಹಾಗೂ ಸಣ್ಣ ಕಾರ್ಖಾನೆಗಳ ವಿದ್ಯುತ್ ಮೇಲ್ವಿಚಾರಕರನ್ನೂ ಪರವಾನಗಿ ಪಡೆದ ಗುತ್ತಿಗೆದಾರರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ. ಇಲ್ಲಿ ಹೇಳುವ ಯಾವ ಕೆಲಸವನ್ನೂ ಪರವಾನಗಿಯಿಲ್ಲದವರು ಕೈಗೆತ್ತಿಕೊಳ್ಳಬಾರದು. 11 ಕೆವಿ (11,000 ವೋಲ್ಟ್) ತಪ್ಪಿಗೆ ಎರಡನೆಯ ಅವಕಾಶ ಕೊಡುವುದಿಲ್ಲ.

ಹಂತ 1: ಇದು ನಿಮಗೆ ಬೇಕೇ ಎಂದು ನಿರ್ಧರಿಸುವುದು

ಕಟ್ಟಡದ ಹೊರಗೆ ತೆರೆದ ಜಾಗವಿದ್ದು, ಬೇಲಿ ಹಾಕಿ ಯಾರ್ಡ್ ಮಾಡಲು ಸಾಧ್ಯವಿದ್ದರೆ ಎಣ್ಣೆಯ ಟ್ರಾನ್ಸ್‌ಫಾರ್ಮರೇ ಸರಿಯಾದ ಆಯ್ಕೆ ಎಂದು ನಾನು ನಂಬುತ್ತೇನೆ. ಅದು ಅಗ್ಗ, ಮಳೆಗೆ ಅಂಜುವುದಿಲ್ಲ, ಸ್ವಲ್ಪ ಹೊತ್ತಿನ ಹೆಚ್ಚುವರಿ ಹೊರೆಯನ್ನೂ ತಾಳಿಕೊಳ್ಳುತ್ತದೆ. ಆದರೆ ಟ್ರಾನ್ಸ್‌ಫಾರ್ಮರ್ ಕಟ್ಟಡದ ಒಳಗೇ ಬರಬೇಕಾದಾಗ ಲೆಕ್ಕ ಬದಲಾಗುತ್ತದೆ. ವಸತಿ ಮತ್ತು ವಾಣಿಜ್ಯ ಕಟ್ಟಡಗಳ ಒಳಗೆ ಒಣ ಮಾದರಿಯ ಟ್ರಾನ್ಸ್‌ಫಾರ್ಮರನ್ನೇ ಬಳಸಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಹೇಳುತ್ತವೆ. ಎಣ್ಣೆ ಸೋರಿ ಬೆಂಕಿ ಹತ್ತಿಕೊಂಡರೆ ಮೇಲಿನ ಮಹಡಿಗಳಲ್ಲಿರುವವರಿಗೆ ತಪ್ಪಿಸಿಕೊಳ್ಳಲು ಸಮಯವಿರುವುದಿಲ್ಲ ಎಂಬುದು ಇದರ ಹಿಂದಿನ ಕಾರಣ. ರೆಸಿನ್ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಹೊತ್ತಿಕೊಂಡರೂ ಬೆಂಕಿಯ ಮೂಲ ದೂರವಾದ ಮೇಲೆ ತಾನಾಗಿ ಆರುವಂತೆ ಅದನ್ನು ತಯಾರಿಸಿರುತ್ತಾರೆ.

ಹಂತ 2: ಕೋಣೆಯನ್ನು ಆರಿಸಿ ಕಟ್ಟುವುದು

ನೆಲಮಾಳಿಗೆಯನ್ನು ಸಾಧ್ಯವಾದ ಮಟ್ಟಿಗೆ ಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮುರಕಲ್ಲಿನ ಗುಡ್ಡಗಳು ನೀರು ಕುಡಿದು, ಇಳಿಜಾರಿನಲ್ಲಿರುವ ಪ್ರತಿ ಗೋಡೆಯ ಬುಡದಲ್ಲೂ ಒಸರುತ್ತವೆ. ಪಂಪು ಇಟ್ಟರೂ ವಿದ್ಯುತ್ ಹೋದಾಗ ಪಂಪೂ ನಿಲ್ಲುತ್ತದೆ. ನೆಲಮಟ್ಟದಲ್ಲಿ, ಹೊರಗಿನ ಅಂಗಳಕ್ಕಿಂತ ಕನಿಷ್ಠ ಒಂದು ಅಡಿ ಎತ್ತರದ ಕೋಣೆ ಎಲ್ಲಕ್ಕಿಂತ ಒಳ್ಳೆಯದು. ಕೋಣೆಯ ಮೇಲೆ ಶೌಚಾಲಯ, ಅಡುಗೆಮನೆ ಅಥವಾ ನೀರಿನ ತೊಟ್ಟಿ ಇರಕೂಡದು. ನೀರಿನ ಪೈಪು ಒಳಗೆ ಹಾದುಹೋಗಕೂಡದು. ಬದಿಯಡ್ಕ, ಮುಳ್ಳೇರಿಯಾದಂತಹ ಒಳನಾಡಿನ ಗುಡ್ಡದ ಮೇಲೆ ಕಟ್ಟುವವರು ಅಡಿಪಾಯ ಹಾಕುವ ಮೊದಲು ಊರಿನ ಹಿರಿಯರನ್ನು ವಿಚಾರಿಸಿ, ಕೆಳಗೆ ಹಳೆಯ ನೀರಿನ ಸುರಂಗವೇನಾದರೂ ಹಾದುಹೋಗಿದೆಯೇ ಎಂದು ತಿಳಿದುಕೊಳ್ಳಬೇಕು. ಎರಡು ಟನ್ ಆಸುಪಾಸಿನ ಯಂತ್ರ ವರ್ಷಾನುಗಟ್ಟಲೆ ಒಂದೇ ಕಡೆ ನಿಂತು ಕಂಪಿಸುತ್ತಿರುತ್ತದೆ.

ಗಾಳಿಕಿಂಡಿಗಳ ಲೆಕ್ಕವನ್ನು ವಾಸ್ತುಶಿಲ್ಪಿಯ ಅಂದಾಜಿಗೆ ಬಿಡಬೇಡಿ. ತಯಾರಕರು ಬಹುಕಾಲದಿಂದ ಬಳಸುತ್ತಿರುವ ಸೂತ್ರವೊಂದಿದೆ. ಕೆಳಗಿನ ಕಿಂಡಿಯ ನಿವ್ವಳ ವಿಸ್ತೀರ್ಣ, ಚದರ ಮೀಟರಿನಲ್ಲಿ, 0.18ನ್ನು ಒಟ್ಟು ನಷ್ಟದ (ಟ್ರಾನ್ಸ್‌ಫಾರ್ಮರಿನಲ್ಲಿ ಬಿಸಿಯಾಗಿ ಪೋಲಾಗುವ ವಿದ್ಯುತ್ತಿನ) ಕಿಲೋವ್ಯಾಟ್‌ನಿಂದ ಗುಣಿಸಿ, ಎರಡು ಕಿಂಡಿಗಳ ನಡುವಿನ ಎತ್ತರದ ವರ್ಗಮೂಲದಿಂದ ಭಾಗಿಸಿದಷ್ಟು. ಬಿಸಿ ಗಾಳಿ ಹಿಗ್ಗಿರುವುದರಿಂದ ಮೇಲಿನ ಕಿಂಡಿ ಇದಕ್ಕಿಂತ ಹತ್ತು ಪ್ರತಿಶತ ದೊಡ್ಡದಿರಬೇಕು. 630 ಕೆವಿಎ ಟ್ರಾನ್ಸ್‌ಫಾರ್ಮರಿನ ಒಟ್ಟು ನಷ್ಟ 9 ಕಿಲೋವ್ಯಾಟ್ ಎಂದೂ, ಎತ್ತರ 2.25 ಮೀಟರ್ ಎಂದೂ ಇಟ್ಟುಕೊಂಡರೆ, ವರ್ಗಮೂಲ 1.5 ಆಗಿ, ಕೆಳಗಿನ ಕಿಂಡಿ 1.08 ಚದರ ಮೀಟರ್, ಮೇಲಿನದು ಸುಮಾರು 1.19 ಚದರ ಮೀಟರ್ ಬರುತ್ತದೆ. ಆದರೆ ಈ ಸೂತ್ರವನ್ನು ವರ್ಷದ ಸರಾಸರಿ ಉಷ್ಣತೆ 20 ಡಿಗ್ರಿ ಇರುವ ನಾಡಿಗೆ ಹೊಂದಿಸಿ ಬರೆಯಲಾಗಿದೆ. ನಮ್ಮಲ್ಲಿ ಆ ಸರಾಸರಿ 27 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ ಕನಿಷ್ಠ ಕಾಲುಭಾಗವನ್ನಾದರೂ ಹೆಚ್ಚಿಸುವುದು ವಿವೇಕ. ಅದರ ಮೇಲೆ ಲೂವರ್ (ಕಿಂಡಿಗೆ ಹಾಕುವ ಓರೆ ಪಟ್ಟಿಗಳು) ಮತ್ತು ಜಾಲರಿ ಸೇರಿ ಅರ್ಧ ಜಾಗ ಮುಚ್ಚಿಕೊಂಡರೆ ಗೋಡೆಯಲ್ಲಿ ಕೊರೆಯಬೇಕಾದ ರಂಧ್ರ ಲೆಕ್ಕದ ಎರಡರಷ್ಟಾಗುತ್ತದೆ. ನಕ್ಷೆಯಲ್ಲಿ ಕಾಣುವ ಅಳತೆಯನ್ನೇ ನಿವ್ವಳವೆಂದು ಎಣಿಸುವುದರಿಂದ ಎಷ್ಟೋ ಕೋಣೆಗಳು ಕಾದ ಒಲೆಯಾಗಿವೆ.

ಕಿಂಡಿಗಳು ಎದುರುಬದುರು ಗೋಡೆಗಳಲ್ಲಿ, ತಂಪು ಗಾಳಿ ಕೆಳಗಿನಿಂದ ಸುರುಳಿಗಳ ಬುಡಕ್ಕೆ ಬಂದು ಬಿಸಿಯಾಗಿ ಎದುರಿನ ಗೋಡೆಯ ಮೇಲ್ಭಾಗದಿಂದ ಹೊರಹೋಗುವಂತೆ ಇರಬೇಕು. ಇಲ್ಲಿ ನಮ್ಮ ಕರಾವಳಿಗೆ ಒಂದು ವಿಶೇಷ ತೊಡಕಿದೆ: ಮಳೆಗಾಳಿ ಬೀಸುವುದು ನೈಋತ್ಯದಿಂದ. ಆ ದಿಕ್ಕಿಗೆ ಕಿಂಡಿ ತೆರೆದರೆ ಮಳೆಯ ಎರಚಲು ನೇರವಾಗಿ ಒಳಬರುತ್ತದೆ. ಆದ್ದರಿಂದ ಗಾಳಿ ಒಳಬರುವ ಕಿಂಡಿಯನ್ನು ಪೂರ್ವ ಅಥವಾ ಉತ್ತರಕ್ಕೆ ಇಟ್ಟು, ಎರಡೂ ಕಿಂಡಿಗಳಿಗೆ ಅಗಲವಾದ ಇಳಿಮಾಡು ಕಟ್ಟಿ, ಲೂವರ್ ಪಟ್ಟಿಗಳನ್ನು ಆಳವಾಗಿ ಬಾಗಿಸಿ ಕೂರಿಸುವುದು ಕ್ಷೇಮ. ಕಡಲಿಗೆ ಹತ್ತಿರವಿರುವ ಕುಂಬಳೆ, ಉಪ್ಪಳ, ಬೇಕಲದ ಕಡೆ ಸಹಜ ಗಾಳಿಯನ್ನೇ ನಂಬದೆ, ತೆಗೆದು ತೊಳೆಯಬಹುದಾದ ಫಿಲ್ಟರ್ ಇರುವ ಫ್ಯಾನಿನಿಂದ ಗಾಳಿಯನ್ನು ಒಳತಳ್ಳುವುದು ಉತ್ತಮ. ಕೋಣೆಯ ಒತ್ತಡ ಹೊರಗಿನದಕ್ಕಿಂತ ತುಸು ಹೆಚ್ಚಿದ್ದರೆ ಉಪ್ಪಿನ ಧೂಳು ಬಾಗಿಲಿನ ಸಂದಿಯಿಂದ ನುಗ್ಗುವುದಿಲ್ಲ. ಒಂದು ಕಿಲೋವ್ಯಾಟ್ ನಷ್ಟಕ್ಕೆ ನಿಮಿಷಕ್ಕೆ 3.5ರಿಂದ 4 ಘನಮೀಟರ್ ಗಾಳಿ ಎಂಬುದು ಫ್ಯಾನ್ ಆರಿಸುವ ಲೆಕ್ಕ. ಗೇರುಬೀಜ ಸಂಸ್ಕರಣೆ ಅಥವಾ ತೆಂಗಿನ ನಾರಿನ ಘಟಕದ ಪಕ್ಕದಲ್ಲಿ ಕೋಣೆಯಿದ್ದರೆ ಫಿಲ್ಟರನ್ನು ಬಿಟ್ಟು ಯೋಚಿಸಲೇಬೇಡಿ.

ಹಂತ 3: ಖರೀದಿ ವಿವರಣೆ ಬರೆಯುವುದು

ಒಣ ಮಾದರಿಗೆ ಅಂತರರಾಷ್ಟ್ರೀಯ ಮಾನದಂಡ ಐಇಸಿ 60076-11. ಭಾರತದಲ್ಲಿ ಹಿಂದಿನಿಂದ ಐಎಸ್ 11171 ಇತ್ತು, ಈಗ ಐಎಸ್ 2026ರ 11ನೆಯ ಭಾಗ ಇದೆ. ಟೆಂಡರಿನಲ್ಲಿ ಮಾನದಂಡದ ಹೆಸರನ್ನಷ್ಟೇ ಬರೆದು ಸುಮ್ಮನಾದರೆ ಸಾಲದು, ಏಕೆಂದರೆ ಮಾನದಂಡವೇ ಹಲವು ಆಯ್ಕೆಗಳನ್ನು ಖರೀದಿದಾರನಿಗೆ ಬಿಟ್ಟಿದೆ.

ಮೊದಲನೆಯದು ಪರಿಸರದ ವರ್ಗ. ಆಗಾಗ ತೇವ ಹನಿಗಟ್ಟುವ ಅಥವಾ ಮಾಲಿನ್ಯ ಹೆಚ್ಚಿರುವ ಸ್ಥಳಕ್ಕೆ ಇ2 ವರ್ಗ ಕನಿಷ್ಠ ಅಗತ್ಯ. ಇ0 ಅಥವಾ ಇ1 ನಮ್ಮ ಕರಾವಳಿಗೆ ತಕ್ಕುದಲ್ಲ. ಬೆಂಕಿಯ ವರ್ಗ ಎಫ್1 ಇರಲಿ. ಶೀತ ತಾಳುವ ವರ್ಗ ಇಲ್ಲಿ ಅಷ್ಟು ಮುಖ್ಯವಲ್ಲದಿದ್ದರೂ ಸಿ2 ವರ್ಗದ ರೆಸಿನ್ ಉಷ್ಣತೆಯ ಏರಿಳಿತಕ್ಕೆ ಬಿರುಕು ಬಿಡದಿರುವುದನ್ನು ಪರೀಕ್ಷೆಯಲ್ಲಿ ತೋರಿಸಿರುತ್ತದಾದ್ದರಿಂದ ಅದನ್ನೂ ಕೇಳಿ.

ಎರಡನೆಯದು ಉಷ್ಣತೆ. ಎಫ್ ವರ್ಗದ ನಿರೋಧನದ ಮಿತಿ 155 ಡಿಗ್ರಿ. ಸುರುಳಿಯ ಸರಾಸರಿ ಏರಿಕೆಗೆ 100 ಡಿಗ್ರಿಯವರೆಗೆ ಅವಕಾಶ. ಆದರೆ ಆ 100 ಅನ್ನು ಸುತ್ತಣ ಗಾಳಿ 40 ಡಿಗ್ರಿ ಮೀರುವುದಿಲ್ಲವೆಂದು ನಂಬಿ ಕೊಡಲಾಗಿದೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ಯಂತ್ರದ ಸುತ್ತಲಿನ ಕವಚದೊಳಗೆ, ಮುಚ್ಚಿದ ಕೋಣೆಯಲ್ಲಿ ಅದು 45 ದಾಟಬಹುದು. ಆದ್ದರಿಂದ 50 ಡಿಗ್ರಿ ಸುತ್ತಣ ಉಷ್ಣತೆಗೆ 90 ಡಿಗ್ರಿ ಏರಿಕೆ ಎಂದು ವಿವರಣೆಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಸ್ವಲ್ಪ ಹೆಚ್ಚು ಲೋಹ ಬಳಸಬೇಕಾಗುತ್ತದೆ, ಬೆಲೆಯೂ ಏರುತ್ತದೆ, ಆದರೆ ನಿರೋಧನದ ಆಯುಸ್ಸು ಉಳಿಯುತ್ತದೆ.

ಮೂರನೆಯದು ನಷ್ಟ. ಹೊರೆಯಿಲ್ಲದಿರುವಾಗಿನ ನಷ್ಟವು ಹಗಲೂ ರಾತ್ರಿಯೂ ನಡೆಯುತ್ತಲೇ ಇರುತ್ತದೆ: 1.5 ಕಿಲೋವ್ಯಾಟ್ ಎಂದರೆ ವರ್ಷಕ್ಕೆ 13,140 ಯೂನಿಟ್. ಹೊರೆಯ ನಷ್ಟವು ಹೊರೆಯ ವರ್ಗಕ್ಕೆ ಅನುಗುಣವಾಗಿರುವುದರಿಂದ, ಪೂರ್ಣ ಹೊರೆಯಲ್ಲಿ 7.5 ಕಿಲೋವ್ಯಾಟ್ ಇದ್ದದ್ದು ಅರ್ಧ ಹೊರೆಯಲ್ಲಿ 1.9ಕ್ಕೂ ಕಡಿಮೆಯಾಗುತ್ತದೆ. ರಾತ್ರಿ ಪೂರ್ತಿ ಹೊರೆ ಇಳಿದಿರುವ ಕಾಲೇಜಿಗೆ ಮೊದಲನೆಯ ಅಂಕಿ ಮುಖ್ಯ. ಮೂರು ಪಾಳಿಯ ಕಾರ್ಖಾನೆಗೆ ಎರಡನೆಯದು. ಎರಡನ್ನೂ ಬೇರೆಬೇರೆಯಾಗಿ ಖಾತರಿಪಡಿಸುವಂತೆ ಕೇಳಿ, ಬೆಲೆಯನ್ನು ಹೋಲಿಸುವಾಗ ಹತ್ತು ವರ್ಷದ ವಿದ್ಯುತ್ ಬಿಲ್ಲನ್ನೂ ಕೂಡಿಸಿ ನೋಡಿ.

ಫ್ಯಾನ್ ಜೋಡಿಸಿದರೆ 40 ಪ್ರತಿಶತದವರೆಗೆ ಹೆಚ್ಚು ಹೊರೆ ಎಂದು ಮಾರಾಟಗಾರರು ಹೇಳುವುದು ಸುಳ್ಳಲ್ಲ. ಆದರೆ 1.4ರ ವರ್ಗ 1.96. ಹೊರೆಯ ನಷ್ಟ 7.5ರಿಂದ 14.7 ಕಿಲೋವ್ಯಾಟಿಗೆ ಏರುತ್ತದೆ, ಒಟ್ಟು 16.2. ಒಂಬತ್ತು ಕಿಲೋವ್ಯಾಟಿಗೆ ಕಟ್ಟಿದ ಕೋಣೆ ಅದನ್ನು ಹೊರಹಾಕಲಾರದು. ಫ್ಯಾನನ್ನು ತುರ್ತಿನ ಆಸರೆಯಾಗಿ ಇಟ್ಟುಕೊಳ್ಳಿ, ಟ್ರಾನ್ಸ್‌ಫಾರ್ಮರಿನ ಗಾತ್ರವನ್ನು ಅದರ ಮೇಲೆ ನಿರ್ಧರಿಸಬೇಡಿ.

ಉಳಿದ ವಿವರಗಳು ಹೀಗಿರಲಿ: 11 ಕೆವಿಯಿಂದ 433 ವೋಲ್ಟ್, ಡಿವೈಎನ್ 11 ಜೋಡಣೆ (ಎಚ್‌ಟಿ ಕಡೆ ಡೆಲ್ಟಾ, ಎಲ್‌ಟಿ ಕಡೆ ನ್ಯೂಟ್ರಲ್ ಇರುವ ಸ್ಟಾರ್), 75 ಕೆವಿ ಸಿಡಿಲಿನ ಆಘಾತ ತಾಳಿಕೆ, 2.5 ಪ್ರತಿಶತದ ಹೆಜ್ಜೆಗಳ ಟ್ಯಾಪ್ (ವೋಲ್ಟೇಜ್ ಹೊಂದಿಸಲು ಸುರುಳಿಯ ಸುತ್ತುಗಳನ್ನು ಬದಲಿಸುವ ಕೊಂಡಿ). ಫೀಡರಿನ ತುದಿಯಲ್ಲಿರುವವರು ವೋಲ್ಟೇಜ್ ಇಳಿಯುವ ಕಡೆಗೂ ಸಾಕಷ್ಟು ಟ್ಯಾಪ್ ಕೇಳಬೇಕು. ಯುಪಿಎಸ್, ಸೌರ ಇನ್ವರ್ಟರ್, ವೇಗ ನಿಯಂತ್ರಿತ ಮೋಟಾರುಗಳು ಹೊರೆಯ ದೊಡ್ಡ ಪಾಲಾಗಿದ್ದರೆ ಹಾರ್ಮೋನಿಕ್‌ಗಳ (ಕರೆಂಟಿನ ಅಲೆಯ ಆಕಾರ ಕೆಡಿಸುವ ಹೆಚ್ಚಿನ ಆವರ್ತನಗಳ) ವಿವರವನ್ನು ತಯಾರಕರಿಗೆ ಮುಂಚಿತವಾಗಿಯೇ ಕೊಡಿ. ಪ್ರತಿ ಹಂತದ ಎಲ್‌ಟಿ ಸುರುಳಿಯಲ್ಲೂ ಪಿಟಿ 100 ಉಷ್ಣತಾ ಸಂವೇದಕ, ಕವಚದೊಳಗೆ ತೇವ ನಿವಾರಕ ಹೀಟರ್ ಇರಲೇಬೇಕು. ಹೀಟರಿಗೆ ಪ್ರತ್ಯೇಕ ವಿದ್ಯುತ್ ಮೂಲವಿರಬೇಕು. ಟ್ರಾನ್ಸ್‌ಫಾರ್ಮರ್ ನಿಂತಾಗಲೇ ಅದರ ಅಗತ್ಯ ಬೀಳುವುದು.

ಹಂತ 4: ಕಾರ್ಖಾನೆಯಲ್ಲಿ ಪರೀಕ್ಷೆ

ಸುರುಳಿಯ ರೋಧ, ಅನುಪಾತ, ನಷ್ಟ, ಇಂಪೀಡೆನ್ಸ್ (ಕರೆಂಟಿಗೆ ಒಳಗಿನ ಅಡೆತಡೆ), 28 ಕೆವಿ ವೋಲ್ಟೇಜ್ ತಾಳಿಕೆ ಎಲ್ಲವೂ ವಾಡಿಕೆಯ ಪರೀಕ್ಷೆಗಳೇ. ನೀವು ಸ್ವತಃ ನಿಂತು ನೋಡಬೇಕಾದದ್ದು ಪಾರ್ಶಿಯಲ್ ಡಿಸ್ಚಾರ್ಜ್ ಪರೀಕ್ಷೆ. ಎರಕದೊಳಗೆ ಕಣ್ಣಿಗೆ ಕಾಣದ ಗಾಳಿಗುಳ್ಳೆ ಉಳಿದಿದ್ದರೆ ಅಲ್ಲಿ ಸಣ್ಣ ಕಿಡಿಗಳು ಹಾರುತ್ತಾ, ವರ್ಷಗಳ ಬಳಿಕ ರೆಸಿನನ್ನು ಕೊರೆದು ಹಾಕುತ್ತವೆ. ಎಣ್ಣೆ ತುಂಬಿಕೊಳ್ಳುವಂತೆ ರೆಸಿನ್ ತಾನಾಗಿ ಆ ಗಾಯವನ್ನು ತುಂಬಿಕೊಳ್ಳುವುದಿಲ್ಲ. ನಿಗದಿತ ವೋಲ್ಟೇಜಿನ 1.8 ಪಟ್ಟನ್ನು 30 ಸೆಕೆಂಡು ಕೊಟ್ಟು, ನಂತರ 1.3 ಪಟ್ಟಿಗೆ ಇಳಿಸಿ ಮೂರು ನಿಮಿಷ ಅಳೆಯುತ್ತಾರೆ. ಅಳತೆ 10 ಪಿಕೋಕೂಲಂಬ್ ಮೀರಬಾರದು. ಮೀರಿದ ಸುರುಳಿಯನ್ನು ಯಾವ ಸಮಜಾಯಿಷಿಗೂ ಒಪ್ಪಿಕೊಳ್ಳಬೇಡಿ.

ಹಂತ 5: ತರುವುದು, ಇಳಿಸುವುದು, ಕೂರಿಸುವುದು

ಯಂತ್ರ ಪತ್ತನಾಜೆಗೆ ಮುನ್ನ, ಅಂದರೆ ಮೇ ತಿಂಗಳ ಕೊನೆಯ ವಾರದೊಳಗೆ, ಬಂದು ಕೋಣೆ ಸೇರುವಂತೆ ವೇಳಾಪಟ್ಟಿ ಹಾಕಿಕೊಳ್ಳಿ. ಗಾರೆ ಕೆಲಸ, ಬಣ್ಣ, ಲೂವರ್, ಬಾಗಿಲು ಎಲ್ಲವೂ ಮುಗಿದ ಮೇಲೆಯೇ ಅದು ಒಳಬರಬೇಕು. ಸಿಮೆಂಟಿನ ಧೂಳು ಸುರುಳಿಗಳ ನಡುವಿನ ಗಾಳಿದಾರಿಯಲ್ಲಿ ಕುಳಿತು ಮಳೆಗಾಲದ ತೇವ ಹೀರಿಕೊಂಡರೆ ಅದನ್ನು ಪೂರ್ತಿ ತೆಗೆಯುವುದು ಬಹಳ ಕಷ್ಟ.

ಕ್ರೇನಿನ ಕೊಂಡಿಯನ್ನು ಕೋರ್‌ನ ಮೇಲಿನ ಚೌಕಟ್ಟಿನಲ್ಲಿರುವ ಕಿವಿಗಳಿಗೇ ಹಾಕಬೇಕು. ಸುರುಳಿಗೆ ಹಗ್ಗ ಕಟ್ಟುವುದು, ಸುರುಳಿಯನ್ನು ಕೈಯಿಂದ ತಳ್ಳುವುದು, ಅದರ ಮೇಲೆ ಹತ್ತುವುದು ಸಲ್ಲದು. ಇಳಿಸಿದ ಕೂಡಲೇ ಟಾರ್ಚ್ ಹಿಡಿದು ರೆಸಿನ್ ಮೈಯನ್ನು ಸುತ್ತಲೂ ನೋಡಿ, ಬಿರುಕು ಅಥವಾ ಚಕ್ಕೆ ಎದ್ದಿರುವುದು ಕಂಡರೆ ಲಾರಿ ಹೊರಡುವ ಮೊದಲೇ ಫೋಟೋ ತೆಗೆದು ಬರಹದಲ್ಲಿ ದಾಖಲಿಸಿ.

ರೆಸಿನ್ ಮುಚ್ಚಿದೆ ಎಂದ ಮಾತ್ರಕ್ಕೆ ಸುರುಳಿಯ ಮೈ ಮುಟ್ಟಲು ಸುರಕ್ಷಿತವೆಂದು ಭಾವಿಸಬಾರದು. ಚಾಲನೆಯಲ್ಲಿರುವಾಗ ಅದನ್ನು ಬರಿಯ ತಂತಿಯಂತೆಯೇ ಪರಿಗಣಿಸಬೇಕು. ಎಚ್‌ಟಿ ಕೇಬಲ್ಲಾಗಲಿ, ಸಂವೇದಕದ ವೈರಾಗಲಿ ಸುರುಳಿಗೆ ತಾಗಕೂಡದು. 12 ಕೆವಿ ವರ್ಗಕ್ಕೆ ಗಾಳಿಯಲ್ಲಿ ಕನಿಷ್ಠ 120 ಮಿಲಿಮೀಟರ್ ವಿದ್ಯುತ್ ಅಂತರ ಬೇಕು. ಗಾಳಿಯಾಟಕ್ಕಾಗಿ ಮತ್ತು ಮನುಷ್ಯ ನಿಂತು ಕೆಲಸ ಮಾಡಲು ಇದಕ್ಕಿಂತ ಬಹಳ ಹೆಚ್ಚು ಜಾಗ ಬಿಡಿ. ಕೇಬಲ್ಲಿನ ಭಾರ ಟರ್ಮಿನಲ್ಲಿನ ಮೇಲೆ ಬೀಳದಂತೆ ಆಧಾರ ಕೊಡಿ. ಎಲ್‌ಟಿ ಬಸ್‌ಬಾರಿಗೆ ಬಾಗುವ ತಾಮ್ರದ ಜೋಡಣೆ ಹಾಕಿದರೆ ಕಂಪನ ಮುಂದಕ್ಕೆ ಹರಡುವುದಿಲ್ಲ. ಎಲ್ಲ ಬೋಲ್ಟುಗಳನ್ನೂ ಕೈಪಿಡಿಯ ಅಳತೆಗೆ ಟಾರ್ಕ್ ವ್ರೆಂಚಿನಿಂದ ಬಿಗಿದು ಬಣ್ಣದ ಗೆರೆ ಎಳೆಯಿರಿ.

ಅರ್ಥಿಂಗ್ ವಿಚಾರದಲ್ಲಿ ಮುರಕಲ್ಲು ನಮ್ಮನ್ನು ಮೋಸಗೊಳಿಸುತ್ತದೆ. ಜುಲೈಯಲ್ಲಿ ಅಳೆದರೆ ರೋಧ ಚೆನ್ನಾಗಿಯೇ ಕಾಣುತ್ತದೆ. ಮಾರ್ಚ್ ಬಂದೊಡನೆ ಕಲ್ಲು ಒಣಗಿ ಅದು ಬಹಳ ಏರುತ್ತದೆ. ಆದ್ದರಿಂದ ಅಳತೆಯನ್ನು ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಮಾಡಿ, ಆ ಅಂಕಿಗೆ ತಕ್ಕಷ್ಟು ಇಲೆಕ್ಟ್ರೋಡುಗಳನ್ನು ಕೂರಿಸಿ. ನ್ಯೂಟ್ರಲ್‌ಗೆ ಎರಡು, ಮೈಗೆ ಎರಡು ಪ್ರತ್ಯೇಕ ಸಂಪರ್ಕಗಳಿರಬೇಕು.

ಹಂತ 6: ರಕ್ಷಣೆ

ಇಲ್ಲಿ ಬುಕೋಲ್ಜ್ ರಿಲೇ (ದೋಷದಿಂದ ಎಣ್ಣೆಯಲ್ಲಿ ಏಳುವ ಅನಿಲವನ್ನು ಗುರುತಿಸುವ ಸಾಧನ) ಇಲ್ಲ. ಹಾಗಾಗಿ ಓವರ್‌ಕರೆಂಟ್ ಮತ್ತು ಅರ್ಥ್ ಫಾಲ್ಟ್ ರಿಲೇಗಳ ಜೊತೆಗೆ ಉಷ್ಣತಾ ರಿಲೇಯೇ ಕಾವಲುಗಾರ. ಎಫ್ ವರ್ಗಕ್ಕೆ ಎಚ್ಚರಿಕೆ 140 ಡಿಗ್ರಿಯಲ್ಲೂ ಟ್ರಿಪ್ 150ರಲ್ಲೂ ಇಡುವುದು ರೂಢಿ.  630 ಕೆವಿಎಗೆ ಎಚ್‌ಟಿ ಕರೆಂಟ್ 33 ಆಂಪಿಯರ್, ಎಲ್‌ಟಿಯದು 840. ಇಂಪೀಡೆನ್ಸ್ 5 ಪ್ರತಿಶತವಿದ್ದರೆ ಎಲ್‌ಟಿಯ ಶಾರ್ಟ್ ಸರ್ಕ್ಯೂಟ್ ಕರೆಂಟ್ ಸುಮಾರು 16.8 ಕಿಲೋ ಆಂಪಿಯರ್, 4 ಇದ್ದರೆ 21. ಎಲ್‌ಟಿ ಪ್ಯಾನೆಲನ್ನು ಈ ಅಂಕಿಗೆ ಮೇಲಿರುವಂತೆ ಆರಿಸಿ. ಚಾಲನೆಯ ಕ್ಷಣದಲ್ಲಿ ಎಚ್‌ಟಿ ಕರೆಂಟ್ ಕ್ಷಣಕಾಲ ಹತ್ತು ಪಟ್ಟಿನ ಆಸುಪಾಸಿಗೆ ಜಿಗಿಯುವುದರಿಂದ ತತ್‌ಕ್ಷಣದ ಸೆಟ್ಟಿಂಗ್ ಅದಕ್ಕಿಂತ ಮೇಲಿರಬೇಕು.

ಏಪ್ರಿಲ್, ಮೇ ತಿಂಗಳ ಸಂಜೆಯ ಸಿಡಿಲು ಮತ್ತು ತುಲಾ ಮಾಸದ (ಅಕ್ಟೋಬರ್–ನವೆಂಬರ್) ಸಿಡಿಲು ನಮ್ಮ 11 ಕೆವಿ ಲೈನುಗಳನ್ನು ಬಿಡುವುದಿಲ್ಲ. ಲೈನು ಕೇಬಲ್ಲಾಗಿ ಇಳಿಯುವ ಕಂಬದಲ್ಲಿ ಅರೆಸ್ಟರ್ (ಸಿಡಿಲಿನ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ಸಾಧನ) ಹಾಕಿದರೆ ಸಾಲದು. ಕೇಬಲ್ ಉದ್ದವಾಗಿದ್ದರೆ ಅಲೆ ತುದಿಯಲ್ಲಿ ಪ್ರತಿಫಲಿಸಿ ಇಮ್ಮಡಿಯಾಗುವುದರಿಂದ ಟ್ರಾನ್ಸ್‌ಫಾರ್ಮರಿನ ಟರ್ಮಿನಲ್ಲಿನ ಹತ್ತಿರವೂ ಒಂದು ಜೊತೆ ಬೇಕು. ವ್ಯಾಕ್ಯೂಮ್ ಬ್ರೇಕರ್ ಹತ್ತಿರದಲ್ಲೇ ಇದ್ದು, ಹೊರೆ ಕಡಿಮೆ ಇರುವಾಗ ಪದೇಪದೇ ತೆಗೆದು ಹಾಕುವ ಪ್ರಸಂಗವಿದ್ದರೆ ಆರ್‌ಸಿ ಸ್ನಬ್ಬರ್ (ವೋಲ್ಟೇಜಿನ ಹಠಾತ್ ಜಿಗಿತವನ್ನು ತಗ್ಗಿಸುವ ರೋಧ–ಕೆಪಾಸಿಟರ್ ಜೋಡಿ) ಬಗ್ಗೆಯೂ ತಯಾರಕರನ್ನು ಕೇಳಿ. ಕವಚದ ಬಾಗಿಲು ತೆರೆದೊಡನೆ ಎಚ್‌ಟಿ ಬ್ರೇಕರ್ ಬೀಳುವಂತಹ ಇಂಟರ್‌ಲಾಕ್ ಕಡ್ಡಾಯವೆಂದೇ ಭಾವಿಸಿ. ಅಪಾಯದ ಫಲಕವನ್ನು ಮಲಯಾಳ ಮತ್ತು ಇಂಗ್ಲಿಷಿನ ಜೊತೆಗೆ ಕನ್ನಡದಲ್ಲೂ ಬರೆಸಿ. ಇಲ್ಲಿನ ಕೆಲಸಗಾರರಲ್ಲಿ ಅನೇಕರು ಮೊದಲು ಓದುವುದು ಅದನ್ನೇ.

ಹಂತ 7: ಚಾಲನೆ

ನಕ್ಷೆಗೆ ಕೇರಳದ ಎಲೆಕ್ಟ್ರಿಕಲ್ ಇನ್ಸ್‌ಪೆಕ್ಟರೇಟಿನ ಅನುಮೋದನೆ ಮೊದಲೇ ಸಿಕ್ಕಿರಬೇಕು. ಕೆಲಸ ಮುಗಿದ ಮೇಲೆ ಪರಿಶೀಲನೆಯಾಗಿ ಚಾಲನೆಗೆ ಅನುಮತಿ ಬಂದ ಬಳಿಕವೇ ಕೆಎಸ್‌ಇಬಿ (ಕೇರಳ ರಾಜ್ಯ ವಿದ್ಯುತ್ ಮಂಡಳಿ) ವಿದ್ಯುತ್ ಕೊಡುತ್ತದೆ.

ಅದಕ್ಕೂ ಮುನ್ನ ಪ್ಲಾಸ್ಟಿಕ್ ಹೊದಿಕೆ, ಮರೆತ ಸ್ಪ್ಯಾನರ್, ಬೋಲ್ಟು, ಬಟ್ಟೆಚೂರು ಎಲ್ಲವನ್ನೂ ಹುಡುಕಿ ತೆಗೆಯಿರಿ. ಮೂರೂ ಹಂತಗಳ ಟ್ಯಾಪ್ ಕೊಂಡಿಗಳು ಒಂದೇ ಸ್ಥಾನದಲ್ಲಿವೆಯೇ ನೋಡಿ. ಎಚ್‌ಟಿ ಸುರುಳಿಗೆ 5,000 ವೋಲ್ಟ್ ಮೆಗ್ಗರ್ (ನಿರೋಧನದ ರೋಧ ಅಳೆಯುವ ಉಪಕರಣ), ಎಲ್‌ಟಿಗೆ 1,000 ವೋಲ್ಟ್ ಮೆಗ್ಗರ್ ಬಳಸಿ, ಎಚ್‌ಟಿ–ನೆಲ, ಎಲ್‌ಟಿ–ನೆಲ, ಎಚ್‌ಟಿ–ಎಲ್‌ಟಿ ಮೂರನ್ನೂ ಅಳೆದು, ಕೈಪಿಡಿಯ ಕನಿಷ್ಠ ಅಂಕಿಯೊಂದಿಗೆ ಹೋಲಿಸಿ, ಅಂದಿನ ಉಷ್ಣತೆ ಮತ್ತು ತೇವಾಂಶದ ಜೊತೆಗೆ ಬರೆದಿಡಿ. ಒಣಗಿದ ಹೊಸ ಯಂತ್ರ ನೂರಾರು, ಸಾವಿರಾರು ಮೆಗಾ ಓಮ್ ತೋರಿಸುತ್ತದೆ. ಅಂಕಿ ಕಡಿಮೆ ಬಂದರೆ ಹೆಚ್ಚಿನ ಸಂದರ್ಭದಲ್ಲಿ ದೋಷ ಮೇಲ್ಮೈಯ ತೇವದ್ದು: ಒಣ ಬಟ್ಟೆಯಿಂದ ಒರೆಸಿ, ಹೀಟರ್ ಹಾಕಿ, ಬೆಚ್ಚಗಿನ ಗಾಳಿ ಕೆಳಗಿನಿಂದ ಮೇಲಕ್ಕೆ ಹರಿಯುವಂತೆ ಮಾಡಿ ಮತ್ತೆ ಅಳೆಯಿರಿ. ಬೆಂಕಿ ಅಥವಾ ಅತಿ ಬಿಸಿ ಗಾಳಿಯನ್ನು ರೆಸಿನಿನ ಒಂದೇ ಜಾಗಕ್ಕೆ ಹಿಡಿಯಬಾರದು.

ಉಷ್ಣತಾ ರಿಲೇಯಿಂದ ಬ್ರೇಕರ್ ನಿಜವಾಗಿ ಬೀಳುತ್ತದೆಯೇ ಎಂದು ಸಂವೇದಕದ ಸಂಕೇತ ಕೊಟ್ಟು ಪರೀಕ್ಷಿಸಿದ ಮೇಲೆ ಎಲ್‌ಟಿ ಬ್ರೇಕರ್ ತೆರೆದಿಟ್ಟು ಎಚ್‌ಟಿ ಹಾಕಿ. ಸಮನಾದ ಗುಂಯ್‌ಗುಡುವಿಕೆ ಸಹಜ. ಚಿಟಿಚಿಟಿ ಸದ್ದು ಅಥವಾ ಓಝೋನಿನ ವಾಸನೆ ಬಂದರೆ ಕೂಡಲೇ ನಿಲ್ಲಿಸಿ. ಎಲ್‌ಟಿ ವೋಲ್ಟೇಜ್, ಹಂತದ ಅನುಕ್ರಮ ಸರಿಯಿದ್ದರೆ ಕೆಲವು ಗಂಟೆ ಹಾಗೆಯೇ ಬಿಟ್ಟು, ನಂತರ ಹೊರೆಯನ್ನು ಹಂತಹಂತವಾಗಿ ಏರಿಸಿ. ವೋಲ್ಟೇಜ್ ಸರಿಪಡಿಸಲು ಟ್ಯಾಪ್ ಬದಲಿಸಬೇಕಾದರೆ ಎರಡೂ ಕಡೆ ವಿದ್ಯುತ್ ತೆಗೆದು, ಬೀಗ ಹಾಕಿ, ನೆಲಕ್ಕೆ ಜೋಡಿಸಿದ ಮೇಲೆಯೇ ಕೈ ಹಾಕಬೇಕು.

ಹಂತ 8: ವರ್ಷದುದ್ದಕ್ಕೂ ನೋಡಿಕೊಳ್ಳುವುದು

ಎಣ್ಣೆ ಇಲ್ಲದ್ದರಿಂದ ನಿರ್ವಹಣೆಯೇ ಬೇಡ ಎಂಬ ಮಾತು ಕರಾವಳಿಗೆ ಅನ್ವಯಿಸುವುದಿಲ್ಲ. ಮೇ ತಿಂಗಳಲ್ಲಿ ಒಮ್ಮೆ, ಮಳೆ ಹಿಂದೆ ಸರಿದ ಮೇಲೆ ದೀಪಾವಳಿಯ ಹೊತ್ತಿಗೆ ಇನ್ನೊಮ್ಮೆ ಯಂತ್ರವನ್ನು ನಿಲ್ಲಿಸಿ ಶುಚಿಮಾಡಿ. ಮೊದಲು ವ್ಯಾಕ್ಯೂಮ್ ಕ್ಲೀನರಿನಿಂದ ಧೂಳು ಎಳೆದು, ಆಮೇಲೆ ಕಡಿಮೆ ಒತ್ತಡದ ಒಣ ಗಾಳಿಯಿಂದ ಸುರುಳಿಗಳ ನಡುವಿನ ದಾರಿಯನ್ನು ಊದಬೇಕು, ನೀರು ತಾಗಿಸಬಾರದು. ಬೋಲ್ಟುಗಳ ಬಣ್ಣದ ಗೆರೆ ಸರಿದಿದೆಯೇ ನೋಡಿ. ರೆಸಿನಿನ ಮೇಲೆ ಮರದ ಕವಲಿನಂತೆ ಹರಡಿದ ಕಂದು ಅಥವಾ ಬಿಳಿಯ ಗೆರೆ ಕಂಡರೆ ಅದು ಮೇಲ್ಮೈಯಲ್ಲಿ ಕರೆಂಟ್ ಹರಿದ ಗುರುತು. ಒರೆಸಿ ಸುಮ್ಮನಾಗದೆ ತಯಾರಕರನ್ನು ಕರೆಸಿ. ಹೊರೆ ಹೆಚ್ಚಿರುವ ದಿನ ಥರ್ಮಲ್ ಕ್ಯಾಮೆರಾದಿಂದ ಜೋಡಣೆಗಳನ್ನು ನೋಡುವುದು ಕಡಿಮೆ ಖರ್ಚಿನ, ಬಹಳ ಉಪಯೋಗದ ಕೆಲಸ.

ಎಲ್ಲಕ್ಕಿಂತ ಹೆಚ್ಚು ಜಾಗ್ರತೆ ಬೇಕಾದದ್ದು ಮಳೆಗಾಲದ ದೀರ್ಘ ನಿಲುಗಡೆಯಲ್ಲಿ. ಓಡುತ್ತಿರುವ ಟ್ರಾನ್ಸ್‌ಫಾರ್ಮರ್ ತನ್ನ ಬಿಸಿಯಿಂದಲೇ ತನ್ನ ಮೈಯನ್ನು ಒಣಗಿಸಿಕೊಂಡಿರುತ್ತದೆ. ಲೈನು ಬಿದ್ದು, ಅಥವಾ ಕಾಲೇಜಿಗೆ ರಜೆಯಾಗಿ, ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಎರಡು ಮೂರು ದಿನ ನಿಂತರೆ ತಣ್ಣಗಾದ ರೆಸಿನಿನ ಮೇಲೆ ತೇವ ಹನಿಗಟ್ಟುತ್ತದೆ, ಅದರೊಂದಿಗೆ ಉಪ್ಪಿನ ಪದರವೂ ಕರಗಿ ಕರೆಂಟಿಗೆ ದಾರಿ ಮಾಡುತ್ತದೆ. ಅಂಥ ನಿಲುಗಡೆಯ ನಂತರ ಲೈನು ಬಂದ ಕೂಡಲೇ ಬ್ರೇಕರ್ ಹಾಕದೆ, ಹೀಟರ್ ನಡೆದಿತ್ತೇ ಎಂದು ವಿಚಾರಿಸಿ, ಬಾಗಿಲು ತೆರೆದು ಮೈ ನೋಡಿ, ಮೆಗ್ಗರ್ ಅಳತೆಯನ್ನು ಹಿಂದಿನ ದಾಖಲೆಯೊಂದಿಗೆ ಹೋಲಿಸಿ, ಕಡಿಮೆಯಿದ್ದರೆ ಒಣಗಿಸಿದ ಮೇಲೆಯೇ ಚಾಲನೆ ಕೊಡಿ. ಅಷ್ಟು ಹೊತ್ತು ಜನರೇಟರ್ ಓಡಲಿ.